ಆಯಿ ಹುಟ್ಟಿದ್ದು ಯಾವ ವರ್ಷ?

ಮನೆಯ ಹಿರಿಯ ಜೀವ ಕಣ್ಮುಚ್ಚಿದ ಎರಡು ಮೂರು ದಿನಕ್ಕೆ ಈ ಪ್ರಶ್ನೆ ಎದ್ದೇ ಏಳುತ್ತದೆ. ಪೇಪರಿಗೆ ಶ್ರದ್ಧಾಂಜಲಿ ಕೊಡಬೇಕು, 21 ದಿನದೊಳಗೆ ಮರಣ ನೋಂದಣಿ ಆಗಬೇಕು. ಆಯಿಗೆ ವಯಸ್ಸೆಷ್ಟು? ಹಿರಿಯ ಮಗ ಎಂಬತ್ತೆಂಟು ಅಂತಾನೆ. ಕಿರಿಯ ಮಗಳು, "ತೊಂಬತ್ತರ ಮ್ಯಾಲ ಆಗಿತ್ತು ಬಿಡೋ ಅಣ್ಣಾ" ಅಂತಾಳೆ. ಆಧಾರ್ ಕಾರ್ಡ್ ನೋಡಿದರೆ ಜನವರಿ 1. ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟೋ ಅಜ್ಜಿಯಂದಿರು ಕಾಗದದ ಮೇಲೆ ಅದೇ ದಿನ ಹುಟ್ಟಿದವರು! ವಯಸ್ಸು ಹೋಗಲಿ, ಆಯಿಯ ತಾಯಿಯ ಹೆಸರೇನು? ಅಲ್ಲಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಆಕೆ ಮಾಡುತ್ತಿದ್ದ ಶೇಂಗಾ ಹೋಳಿಗೆಯ ರುಚಿ ನಾಲಿಗೆ ಮೇಲಿದೆ. ಆದರೆ ಆಕೆಯ ಬಗ್ಗೆ ಎರಡು ಸಾಲು ಬರೆಯಿರಿ ಅಂದರೆ ಪೆನ್ನು ಓಡುವುದಿಲ್ಲ. ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಬಂದು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಸಂಸಾರ ಹೂಡಿರುವ ನಮ್ಮಂಥವರಿಗೆ ಊರಿನ ಜೊತೆ ಉಳಿದಿರುವ ನಂಟು ಎಷ್ಟೋ ಸಲ ಆ ಒಂದೇ ಜೀವ. ಆಕೆ ಇರುವಾಗಲೇ ಕೇಳಿಕೊಳ್ಳಬೇಕು.

ಕೇಳುವುದಕ್ಕೂ ಒಂದು ರೀತಿ ಇದೆ. "ಆಯಿ, ನೀ ಯಾವ ಇಸವಿಯೊಳಗ ಹುಟ್ಟೀ?" ಅಂದರೆ, "ಅದೆಲ್ಲಾ ಯಾರ ಬರದಿಟ್ಟಾರ ತಗೋವಾ" ಎಂಬ ಉತ್ತರ ಸಿದ್ಧ. ಇಸವಿ ಬಿಡಿ, ಊರಲ್ಲಿ ನಡೆದದ್ದನ್ನು ಹಿಡಿದು ಕೇಳಿ. ಗಾಂಧೀಜಿ ತೀರಿಕೊಂಡ ಸುದ್ದಿ ಬಂದಾಗ (1948) ಲಂಗ ಉಡುತ್ತಿದ್ದಳೋ, ಸೀರೆ ಉಡುತ್ತಿದ್ದಳೋ? ಈ ಭಾಗ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದಾಗ (1956) ಮದುವೆ ಆಗಿತ್ತೋ? 1972ರ ಬರದಲ್ಲಿ ಕಂಕುಳಲ್ಲಿ ಇದ್ದ ಕೂಸು ಯಾವುದು?

ನರಗುಂದದ ಕಡೆಯ ಅಜ್ಜಿ "ಬಂಡಾಯದಾಗ" ಅಂದರೆ ಸ್ವಲ್ಪ ನಿಂತು ಕೇಳಿ. ಇತಿಹಾಸದ ಪುಸ್ತಕದಲ್ಲಿ ನರಗುಂದ ಬಂಡಾಯ ಅಂದರೆ 1858ರಲ್ಲಿ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದದ್ದು. ಅಜ್ಜಿ ಹೇಳುತ್ತಿರುವುದು 1980ರ ರೈತ ಬಂಡಾಯ. ಮಲಪ್ರಭಾ ಕಾಲುವೆಯ ನೀರಾವರಿ ಕರದ ವಿರುದ್ಧ ರೈತರು ಎದ್ದು, ಜುಲೈ 21ರಂದು ಗೋಲಿಬಾರ್ ಆದದ್ದು. "ಬಂಡಾಯದಾಗ ನನ್ನ ಹಿರೇ ಮಗಳು ಚೊಚ್ಚಲ ಬಾಣಂತನಕ್ಕ ಬಂದಿದ್ಳು" ಅಂದಳೋ, ಲೆಕ್ಕ ಸಿಕ್ಕಿತು. ಮಗಳಿಗೆ ಆಗ ಇಪ್ಪತ್ತಾದರೆ ಹುಟ್ಟಿದ್ದು 1960. ಆಯಿಗೆ ಆಗ ಹದಿನಾರು ಹದಿನೇಳು ಅಂದರೆ ಆಕೆ ಹುಟ್ಟಿದ್ದು 1943–44ರ ಸುಮಾರು. ಇಂಥ ಎರಡು ಮೂರು ಲೆಕ್ಕ ಒಂದಕ್ಕೊಂದು ತಾಳೆಯಾದರೆ ಜನವರಿ 1ಕ್ಕಿಂತ ಅದೇ ಹೆಚ್ಚು ಖರೆ.

ಇನ್ನೊಂದು ಸಾಕ್ಷಿ ನಿಮ್ಮ ಅಡುಗೆಮನೆಯ ಅಟ್ಟದ ಮೇಲೇ ಇದೆ. ಹಳೆಯ ಹಿತ್ತಾಳೆ ಕೊಡ, ತಾಮ್ರದ ತಂಬಿಗೆ, ಸ್ಟೀಲ್ ಡಬ್ಬಿಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬೆಳಕಿಗೆ ಹಿಡಿಯಿರಿ. ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಹೆಸರು, ಕೆಲವೊಮ್ಮೆ ತಾರೀಖು ಸಹ ಕಾಣುತ್ತದೆ. ಸೀಮಂತಕ್ಕೆ ತವರಿನವರು ಕೊಟ್ಟದ್ದು, ಮದುವೆಯಲ್ಲಿ ಸೋದರಮಾವ ಕೊಟ್ಟದ್ದು. ಲಗ್ನದಲ್ಲಿ ಹೆಣ್ಣಿನ ಹೆಸರು ಬದಲಿಸುವ ರೂಢಿ ನಮ್ಮ ಕಡೆ ಹಲವು ಮನೆತನಗಳಲ್ಲಿತ್ತು. ಆಕೆಯ ತವರಿನ ಹೆಸರು ಬರೀ ಒಂದು ತಂಬಿಗೆಯ ಕುತ್ತಿಗೆಯ ಮೇಲೆ ಉಳಿದಿರಬಹುದು. ದಯವಿಟ್ಟು ಅದನ್ನು ಹಳೇ ಪಾತ್ರೆಯವನ ತಕ್ಕಡಿಗೆ ಹಾಕಿ ಪ್ಲಾಸ್ಟಿಕ್ ಬುಟ್ಟಿ ತರಬೇಡಿ!

ಹೆಸರು ಕೊರೆಸಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ರೋಣ, ಗಜೇಂದ್ರಗಡದ ಆಸುಪಾಸಿನ ಸೂಡಿಯಲ್ಲಿ ಜೋಡು ಕಳಸದ ಗುಡಿ ನೋಡಿದ್ದೀರಲ್ಲ? ಅದು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತು ಎಂಬ ನಾಡಿನ ಮುಖ್ಯ ಊರು. ಆ ನಾಡನ್ನು ಆಳಿದವಳು ಅಕ್ಕಾದೇವಿ, ಜಯಸಿಂಹ ರಾಜನ ಸಹೋದರಿ. ಸುಮಾರು 1010ರಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ, ಅಣ್ಣತಮ್ಮಂದಿರ ಆಳ್ವಿಕೆ ಮುಗಿದು ಸೋದರಳಿಯ ಸೋಮೇಶ್ವರನ ಕಾಲ ಬಂದರೂ ಆಕೆಯ ಅಧಿಕಾರ ನಡೆದೇ ಇತ್ತು. 'ಗುಣದ ಬೆಡಂಗಿ' ಎಂಬುದು ಆಕೆಯ ಬಿರುದು. ಸಾವಿರ ವರ್ಷದ ಮೇಲೂ ಇದೆಲ್ಲ ಗೊತ್ತಿರುವುದು ಯಾರೋ ಕಲ್ಲಿನಲ್ಲಿ ಕೊರೆದದ್ದರಿಂದ. ನಮ್ಮ ಆಯಿಗೆ ಒಂದು ನೂರು ಪುಟದ ನೋಟ್‌ಬುಕ್ ಸಾಕು.

ಟ್ರಂಕನ್ನೂ ತೆಗೆಯಿಸಿ. ಗಜೇಂದ್ರಗಡದ ಮಗ್ಗದ ಪಟ್ಟೇದ ಅಂಚಿನ ಸೀರೆ ಸಿಕ್ಕರೆ ನಿಮ್ಮ ಪುಣ್ಯ. ದಪ್ಪ ನೂಲಿನ, ಹೊಲದ ಕೆಲಸಕ್ಕೂ ತಾಳುವ ಈ ಸೀರೆಯ ನೇಯ್ಗೆ ನಿಂತೇ ಹೋಗುವ ಹಾಗಾಗಿ, ಈಚಿನ ವರ್ಷಗಳಲ್ಲಿ ಮತ್ತೆ ಜೀವ ಪಡೆದಿದೆ. ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು, ಆಗಾಗ ಮಡಿಕೆ ಬದಲಿಸಿ. ಕೌದಿ ಇದ್ದರೆ ಮಂಚದ ಮೇಲೆ ಹರಡಿ, ಆಯಿಯನ್ನು ಪಕ್ಕ ಕೂರಿಸಿಕೊಳ್ಳಿ. ಇದು ಯಾರ ಸೀರೆಯ ತುಂಡು, ಇದು ಯಾರ ಕುಬುಸ ಅಂತ ಒಂದೊಂದೇ ತುಂಡು ಮುಟ್ಟಿ ಕೇಳಿ. ಇಡೀ ಮನೆತನ ಅಲ್ಲಿ ಹೊಲಿದಿರುತ್ತದೆ. ಸತ್ತ ಕೂಸಿನ ಅಂಗಿಯ ತುಂಡೂ ಇರಬಹುದು. ಆಕೆ ಸುಮ್ಮನಾದರೆ ನೀವೂ ಸುಮ್ಮನಿರಿ, ಮತ್ತೊಂದು ದಿನ ಕೇಳಿದರಾಯಿತು.

ಬೀಸುವ ಪದ, ಜೋಗುಳ ಬರುತ್ತಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಎದುರು ಹಿಡಿದು "ಹಾಡು" ಅಂದರೆ ನಾಚುತ್ತಾರೆ. ಸೊಪ್ಪು ಬಿಡಿಸುವಾಗ ಪಕ್ಕದಲ್ಲಿ ಇಟ್ಟುಬಿಡಿ, "ಹಾಡಿದ್ದು ಇದರಾಗ ಉಳೀತದ ಆಯಿ" ಅಂತ ಮೊದಲೇ ಹೇಳಿ.

ಇನ್ನು ವಂಶಾವಳಿ. ಊರಿನ ಹೊಲದ ಉತಾರಕ್ಕೆ ವಾರಸಾ ಹಚ್ಚುವಾಗ ಇದನ್ನು ಕೇಳುತ್ತಾರೆ. ಆತುರದಲ್ಲಿ ಬರೆಸಿದ ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರು "ಮರೆತು" ಹೋಗುವುದು ಹೊಸದೇನಲ್ಲ. ಮರೆತದ್ದೋ, ಬಿಟ್ಟದ್ದೋ ದೇವರಿಗೇ ಗೊತ್ತು. ಆಯಿಯ ಬಾಯಿಂದಲೇ ಎಲ್ಲ ಮಕ್ಕಳ ಹೆಸರನ್ನು, ಕೊಟ್ಟ ಊರನ್ನು, ತೀರಿಕೊಂಡವರನ್ನೂ ಸೇರಿಸಿ ಬರೆದಿಟ್ಟುಕೊಳ್ಳಿ. ಅಕ್ಕತಂಗಿಯರೆಲ್ಲ ಒಂದೊಂದು ಪ್ರತಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹಳೆಯ ಫೋಟೊಗಳಲ್ಲಿ ಯಾರು ಯಾರು ನಿಂತಿದ್ದಾರೆ ಎಂಬುದನ್ನು ಈ ಹಬ್ಬಕ್ಕೆ ಊರಿಗೆ ಹೋದಾಗಲೇ ಕೇಳಿಬಿಡಿ. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಅಚ್ಚು ಮುಖದ ಮೇಲೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲಿನಿಂದ, ಎಡದಿಂದ ಬಲಕ್ಕೆ ಹೆಸರು ಬರೆಯಿರಿ. ಬರೀ "ಆಯಿ" ಅಂತ ಬರೆಯಬೇಡಿ, ಮೊಮ್ಮಕ್ಕಳ ಮಕ್ಕಳಿಗೆ ಯಾವ ಆಯಿ ಅಂತ ತಿಳಿಯಬೇಕಲ್ಲ. ಆಕೆಯ ಎರಡೂ ಹೆಸರು ಬರೆಯಿರಿ.