ಸೊಳ್ಳೆಯೂ ನಮ್ಮ ಮನೆಯ ನೀರೂ

ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಹಿಡಿದು ಕುಳಿತವರಿಗೆ ಸೊಳ್ಳೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಿವಿಯ ಬಳಿ ಕಚೇರಿ ನಡೆಸಿ, ಕಾಲಿನಿಂದ ಸಂಭಾವನೆ ವಸೂಲು ಮಾಡುವ ಈ ಜೀವಿಯನ್ನು ಯಾರು ತಾನೇ ಮೆಚ್ಚಿಯಾರು? ಆದರೆ ನಾವು ಹಗೆ ಸಾಧಿಸುವುದು ಅದರ ಗುಂಯ್‌ಗುಟ್ಟುವ ಸದ್ದಿನ ಮೇಲೆ, ತುರಿಕೆಯ ಮೇಲೆ. ಅದರ ನಿಜವಾದ ಕೇಡು ಬೇರೆಯೇ ಇದೆ.

ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಗಂಡಿಗೆ ಹೂವಿನ ರಸವೇ ಸಾಕು. ಹೆಣ್ಣಿಗಾದರೋ ಮೊಟ್ಟೆ ಬಲಿಯಲು ರಕ್ತದ ಸಾರ ಬೇಕು. ಹೀರುವಾಗ ರಕ್ತ ಹೆಪ್ಪುಗಟ್ಟದಿರಲೆಂದು ಅದು ತನ್ನ ಜೊಲ್ಲನ್ನು ನಮ್ಮ ಚರ್ಮದೊಳಕ್ಕೆ ಬಿಡುತ್ತದೆ. ತುರಿಕೆಗೆ ಕಾರಣ ಆ ಜೊಲ್ಲೇ. ರೋಗಾಣುಗಳು ಬರುವುದೂ ಅದರ ಜೊತೆಯಲ್ಲೇ. ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆಂದು ಜನ ಬಹುಕಾಲ ನಂಬಿದ್ದರು. ಆ ಹೆಸರಿನ ಅರ್ಥವೂ ಅದೇ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅವರು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯೊಳಗೆ ಆ ರೋಗಾಣುವನ್ನು ಕಂಡರು. ಇಷ್ಟು ತಿಳಿದ ಮೇಲೂ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 2023ರಲ್ಲಿ ಜಗತ್ತಿನಲ್ಲಿ ಸುಮಾರು 5,97,000 ಜನ ಮಲೇರಿಯಾಕ್ಕೆ ಬಲಿಯಾದರು.

ಕಳೆದ ಮಳೆಗಾಲದಲ್ಲಿ ನನ್ನ ತಾಯಿಗೆ ಡೆಂಗ್ಯೂ ಜ್ವರ ಬಂತು. ಎಂಟು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. "ಇಷ್ಟೆಲ್ಲಾ ಓದಿದೀಯಲ್ಲಪ್ಪ, ಈ ಜ್ವರ ಎಲ್ಲಿಂದ ಬಂತು ಹೇಳು" ಎಂದರು. ಶಾಲೆಯ ಮೆಟ್ಟಿಲು ಹತ್ತದ ಅವರ ಪ್ರಶ್ನೆಗೆ, ನಮ್ಮ ಮನೆತನದಲ್ಲಿ ಮೊದಲು ಬಿ.ಎ.ಗೆ ಬಂದ ನಾನು ಬೀದಿಯ ಚರಂಡಿಯನ್ನು ತೋರಿಸಿದೆ. ಮನೆಗೆ ಬಂದ ಆಶಾ ಕಾರ್ಯಕರ್ತೆ ಚರಂಡಿಯ ಕಡೆ ನೋಡಲೇ ಇಲ್ಲ. ನೇರವಾಗಿ ಬಚ್ಚಲಿಗೆ ಹೋಗಿ ನೀರಿನ ಡ್ರಮ್ಮಿನೊಳಕ್ಕೆ ಬ್ಯಾಟರಿ ಬಿಟ್ಟರು. ತಿಳಿನೀರಿನಲ್ಲಿ ಸೊಳ್ಳೆಯ ಮರಿಹುಳುಗಳು ಕುಣಿಯುತ್ತಿದ್ದವು!

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ನಿಂತ ತಿಳಿನೀರೇ ಪ್ರಿಯ. ಅದು ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ವಾರಕ್ಕೆರಡು ಸಲ ನಲ್ಲಿ ಬರುವ ನಮ್ಮಂಥವರ ಮನೆಯ ಡ್ರಮ್ಮು, ತೊಟ್ಟಿ, ಹಿತ್ತಲಿನ ಹಳೆಯ ಟೈರು, ತೆಂಗಿನ ಚಿಪ್ಪು ಇವೇ ಅದರ ತೊಟ್ಟಿಲು. ಮೊಟ್ಟೆಯು ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆಯಾದರೂ ಪಾತ್ರೆಯನ್ನು ಬರಿದುಮಾಡಿ, ಒಳಗೋಡೆಯನ್ನು ತಿಕ್ಕಿ ತೊಳೆದು, ನೀರು ತುಂಬಿ ಮುಚ್ಚಬೇಕು. ತಿಕ್ಕದಿದ್ದರೆ, ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಸಾಯದೆ, ನೀರು ತಗುಲಿದಾಗ ಮರಿಯಾಗುತ್ತವೆ.

ಚಪ್ಪಾಳೆ ತಟ್ಟಿ ಒಂದು ಸೊಳ್ಳೆಯನ್ನು ಕೊಂದರೆ ನಮ್ಮ ಸಿಟ್ಟು ತಣಿಯುತ್ತದೆ, ಅಷ್ಟೆ. ಒಂದು ಡ್ರಮ್ಮನ್ನು ತಿಕ್ಕಿ ತೊಳೆದರೆ ನೂರಾರು ಸೊಳ್ಳೆಗಳು ಹುಟ್ಟುವುದೇ ಇಲ್ಲ. ಪ್ರತಿ ಭಾನುವಾರ ಆ ಕೆಲಸ ಈಗ ನನ್ನದು. ತಾಯಿ ಕೇಳಿದ ಪ್ರಶ್ನೆಗೆ ತಡವಾಗಿಯಾದರೂ ನಾನು ಕೊಡುತ್ತಿರುವ ಉತ್ತರ ಇದು.