ಸೈಕಲ್ ಏರಿ ಭೀಮಿಲಿಯತ್ತ: ಕೆಂಪು ದಿಬ್ಬ ಮಾತ್ರ ನಡೆದೇ ನೋಡಿ

ವಿಶಾಖಪಟ್ಟಣ: ರಜಾ ದಿನ ಸೈಕಲ್ ಏರಿ ಹಳ್ಳಿಯ ಹಾದಿ ಹಿಡಿಯಬಯಸುವ ಇಲ್ಲಿನ ಕನ್ನಡಿಗರಿಗೆ ದ್ವಾರಕಾ ನಗರ ಅನುಕೂಲದ ತಾಣ. ಬಸ್ ನಿಲ್ದಾಣದ ಬಳಿಯಿಂದ ಸಮುದ್ರ ತೀರದ ರಸ್ತೆಗಿಳಿದು ಉತ್ತರಕ್ಕೆ ಹೊರಟರೆ ಸುಮಾರು 30 ಕಿ.ಮೀ. ದೂರದಲ್ಲಿ ಭೀಮಿಲಿ. ಋಷಿಕೊಂಡ ಹಾಗೂ ಬೌದ್ಧ ವಿಹಾರದ ಅವಶೇಷಗಳಿರುವ ತೊಟ್ಲಕೊಂಡ ದಾರಿಯಲ್ಲೇ ಸಿಗುತ್ತವೆ.

ಅಲ್ಲಿಯವರೆಗೆ ಡಾಂಬರು ರಸ್ತೆ. ಗೋಸ್ತನಿ ನದಿ ಕಡಲು ಸೇರುವ ಭೀಮಿಲಿಯಿಂದ ಒಳನಾಡಿಗೆ ತಿರುಗಿ, ತಗರಪುವಲಸ ದಾಟಿ ಪದ್ಮನಾಭಂ ಕಡೆಗೆ ಸಾಗಬಹುದು. ಹೊಲಗಳ ನಡುವಿನ ಜಲ್ಲಿ, ಮಣ್ಣಿನ ದಾರಿಗಳಿಗೆ ಅಗಲ ಟೈರಿನ ಸೈಕಲ್ ಬೇಕು. ಟೈರಿನ ಗಾಳಿ ತುಸು ಕಡಿಮೆಯಿದ್ದರೆ ಹಿಡಿತ ಚೆನ್ನಾಗಿರುತ್ತದೆ. 1794ರಲ್ಲಿ ವಿಜಯನಗರಂನ ರಾಜ ಈಸ್ಟ್ ಇಂಡಿಯಾ ಕಂಪನಿಯ ಸೇನೆಯೊಡನೆ ಹೋರಾಡಿ ಮಡಿದದ್ದು ಪದ್ಮನಾಭಂನಲ್ಲೇ.

ಮರಳುವಾಗ ಆನಂದಪುರಂ ಮೂಲಕ ಸಿಂಹಾಚಲಕ್ಕೆ ಬರಬಹುದು. 1516ರಲ್ಲಿ ಶ್ರೀಕೃಷ್ಣದೇವರಾಯ ಇಲ್ಲಿಗೆ ಬಂದು ದೇವರಿಗೆ ಆಭರಣ ಅರ್ಪಿಸಿದ್ದನ್ನು ದೇವಾಲಯದ ಶಾಸನ ಹೇಳುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಭೀಮಿಲಿಗೆ ಮೊದಲು ಸಿಗುವ ಎರ್ರಮಟ್ಟಿ ದಿಬ್ಬಗಳ ಮೇಲೆ ಸೈಕಲ್ ಓಡಿಸಬಾರದು. ಸಹಸ್ರಾರು ವರ್ಷಗಳಲ್ಲಿ ರೂಪುಗೊಂಡ ಈ ಕೆಂಪು ಮರಳು ಬಲು ಸಡಿಲ. ಚಕ್ರದ ಗುರುತು ಮಳೆಗಾಲದಲ್ಲಿ ನೀರಿನ ಕಾಲುವೆಯಾಗಿ ದಿಬ್ಬವನ್ನೇ ಕೊರೆಯುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಭಾರತದ ತಾಣಗಳಲ್ಲಿ ಉಡುಪಿಯ ಸೇಂಟ್ ಮೇರಿಸ್ ದ್ವೀಪಗಳ ಜತೆಗೆ ಈ ದಿಬ್ಬಗಳೂ ಇವೆ. ತವರಿನ ದ್ವೀಪದ ಬಗ್ಗೆ ಇರುವ ಕಾಳಜಿ, ಬದುಕು ಕೊಟ್ಟ ಊರಿನ ಮಣ್ಣಿಗೂ ಇರಲಿ.

ಬಿಸಿಲೇರುವ ಮುನ್ನ ಹೊರಡುವುದು, ನೀರು, ಪಂಪು, ಪಂಕ್ಚರ್ ಸಾಮಗ್ರಿ ಜತೆಗಿಟ್ಟುಕೊಳ್ಳುವುದು ಒಳಿತು.