ಗಂಧವಾಹನ ಸಾಕ್ಷ್ಯ

ಗಾಳಿಗೆ ‘ಗಂಧವಾಹ’ ಎಂಬ ಹೆಸರುಂಟು. ಮಲ್ಲಿಗೆಯ ಕಂಪನ್ನು ಹೊತ್ತು ತರುವ ಈ ವಾಹಕನನ್ನು ನಮ್ಮ ಕವಿಗಳು ಬಹಳವಾಗಿ ನೆಚ್ಚಿದರು. ಸಿಡಿಮದ್ದಿನ ವಿಷಯದಲ್ಲಿ ಮಾತ್ರ ಅವನನ್ನು ಅಷ್ಟಾಗಿ ನೆಚ್ಚುವಂತಿಲ್ಲ.

2008ರ ಮೇ ತಿಂಗಳಲ್ಲಿ ಆರಂಭವಾದ ದೇವನಹಳ್ಳಿಯ ವಿಮಾನ ನಿಲ್ದಾಣವನ್ನು ಈಗ ನಮ್ಮಲ್ಲಿ ಅನೇಕರು ಬಲ್ಲರು. ಇಂಥ ನಿಲ್ದಾಣಗಳಲ್ಲಿ ಭದ್ರತೆಯವರು ಕೆಲವರ ಚೀಲವನ್ನು ಸಣ್ಣದೊಂದು ಪಟ್ಟಿಯಿಂದ ಒರೆಸಿ, ಅದನ್ನು ಯಂತ್ರದ ಬಾಯಿಗಿಡುತ್ತಾರೆ. ವಾಸನೆ ಹಿಡಿಯಬೇಕಾದ ಯಂತ್ರಕ್ಕೆ ಈ ಒರೆಸುವ ಉಪಚಾರವೇಕೆ?

ವಸ್ತು ಆವಿಯಾದರೆ ತಾನೆ ವಾಸನೆ! ಕರ್ಪೂರವನ್ನು ತೆರೆದಿಟ್ಟರೆ ತಾನಾಗಿ ಸವೆದುಹೋಗುತ್ತದೆ. ಸಿಡಿಮದ್ದುಗಳಲ್ಲಿ ಹಲವು ಹಾಗಲ್ಲ. ಸಾಧಾರಣ ಉಷ್ಣತೆಯಲ್ಲಿ ಟಿಎನ್‌ಟಿಯ ಆವಿ ಗಾಳಿಯ ನೂರು ಕೋಟಿ ಅಣುಗಳ ನಡುವೆ ಬೆರಳೆಣಿಕೆಯಷ್ಟು. ಆರ್‌ಡಿಎಕ್ಸಿನದು ಲಕ್ಷ ಕೋಟಿಯ ನಡುವೆ ಅಷ್ಟೇ. ಸುತ್ತಿ ಕಟ್ಟಿಟ್ಟರೆ ಅದೂ ಇಲ್ಲ. ಆದರೆ ಅದರ ಕಣಗಳು ಬಲು ಜಿಗುಟು. ಮುಟ್ಟಿದ ಬೆರಳಿನಿಂದ ಚೀಲದ ಹಿಡಿಗೆ, ಹಿಡಿಯಿಂದ ಬಟ್ಟೆಗೆ ಹತ್ತುತ್ತವೆ. ಪಟ್ಟಿ ಹುಡುಕುವುದು ಇವನ್ನೇ.

ಯಂತ್ರ ಪಟ್ಟಿಯನ್ನು ಕಾಸಿ ಕಣವನ್ನು ಆವಿ ಮಾಡುತ್ತದೆ. ಆವಿಯ ಅಣುಗಳಿಗೆ ವಿದ್ಯುದಂಶವನ್ನಿತ್ತು, ಗಾಳಿ ತುಂಬಿದ ನಳಿಗೆಯೊಂದರಲ್ಲಿ ಓಡಿಸುತ್ತದೆ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯ ನೂಕುನುಗ್ಗಲಿನಲ್ಲಿ ಹುಡುಗ ಸರ್ರನೆ ನುಸುಳುತ್ತಾನೆ, ಹೊರೆ ಹೊತ್ತವನು ಹಿಂದುಳಿಯುತ್ತಾನೆ. ಅಣುಗಳ ಪಾಡೂ ಇದೇ. ಸೆಕೆಂಡಿನ ಸಾವಿರದ ಕೆಲವೇ ಪಾಲುಗಳಲ್ಲಿ ಮುಗಿಯುವ ಈ ಓಟದ ವೇಳೆಯಿಂದಲೇ ಓಡಿದವರಾರೆಂಬುದರ ಊಹೆ.

ನಾಯಿಯ ಮೂಗಿನ ಮಾತು ಬೇರೆ. ಅದು ಎಷ್ಟೋ ವೇಳೆ ಹಿಡಿಯುವುದು ಮದ್ದನ್ನಲ್ಲ, ಅದರೊಡನೆ ಉಳಿದ ದ್ರಾವಕದಂಥ ಸುಲಭವಾಗಿ ಆರುವ ವಸ್ತುಗಳನ್ನು. 1988ರಲ್ಲಿ ಲಾಕರ್ಬಿಯ ಮೇಲೆ ವಿಮಾನ ಸಿಡಿದ ಮೇಲೆ, 1991ರ ಮಾಂಟ್ರಿಯಲ್ ಒಪ್ಪಂದವು ಪ್ಲಾಸ್ಟಿಕ್ ಸಿಡಿಮದ್ದಿಗೆ ಆವಿಯಾಗಬಲ್ಲ ಗುರುತಿನ ದ್ರವ್ಯವನ್ನು ತಯಾರಿಕೆಯಲ್ಲೇ ಬೆರೆಸಬೇಕೆಂದಿತು. ನಿರ್ಗಂಧಕ್ಕೆ ಗಂಧ ಕೊಡುವ ಕಾನೂನು!

ಮುಟ್ಟದೆಯೇ ದೂರದಿಂದ ಗುರುತಿಸುವ ಯತ್ನವೂ ನಡೆದಿದೆ. ಪುಣೆಯ ರಕ್ಷಣಾ ಪ್ರಯೋಗಾಲಯವೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ರೂಪಿಸಿದ ‘ರೈಡರ್-ಎಕ್ಸ್’ 2021ರಲ್ಲಿ ಹೊರಬಂತು. ಅದರ ಆಧಾರ, ರಾಮನ್ನರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡ ಬೆಳಕಿನ ಚದುರುವಿಕೆ. ಐದು ವರ್ಷಗಳ ಬಳಿಕ ಅವರು ಈ ಸಂಸ್ಥೆಗೇ ನಿರ್ದೇಶಕರಾಗಿ ಬಂದರು.

ಯಂತ್ರ ಕೂಗಿಕೊಂಡಿತೆಂದರೆ ಅಪರಾಧ ಸಿಕ್ಕಿತೆಂದಲ್ಲ. ಹೊಲಕ್ಕೆ ನೈಟ್ರೇಟ್ ಗೊಬ್ಬರ ಎರಚಿದ ದೊಡ್ಡಬಳ್ಳಾಪುರದ ರೈತ, ಕಲ್ಲುಗಣಿಯಲ್ಲಿ ಕುಳಿಗೆ ಮದ್ದು ತುಂಬಿದ ಕೂಲಿಕಾರ, ಎದೆನೋವಿಗೆ ನೈಟ್ರೋಗ್ಲಿಸರಿನ್ ಗುಳಿಗೆ ಇಟ್ಟುಕೊಂಡ ನನ್ನ ವಯಸ್ಸಿನ ಮುದುಕ, ಇವರ ಕೈಯನ್ನೂ ಅದು ಸಂದೇಹಿಸಬಲ್ಲದು. ಕಣ ಉಂಟೆಂದು ಹೇಳೀತು. ಅದು ಏಕೆ ಬಂತೆಂದು ಹೇಳದು. ಆದ್ದರಿಂದಲೇ ಕೂಗಿನ ನಂತರ ಚೀಲವನ್ನು ಬಿಚ್ಚಿ ನೋಡುವುದು, ಆ ಮನುಷ್ಯನನ್ನು ಕೇಳುವುದು.